ವೋಲ್ಟೇಜ್ ಮತ್ತು ಪ್ರವಾಹ ಅಳೆದು ರೋಧ, ವ್ಯಾಟ್ ಲೆಕ್ಕ ಹಾಕುವ ಬಗೆ: ಮನೆ, ತೋಟ, ದೋಣಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆ ದಿಬ್ಬದ ಮೇಲಿದ್ದು ಅಡಿಕೆ ತೋಟ ಕೆಳಗಿನ ಕಣಿವೆಯಲ್ಲಿರುವುದು ಸಾಮಾನ್ಯ. ಪಂಪಿಗೆ ಹೋಗುವ ವೈರು ನೂರಿನ್ನೂರು ಮೀಟರ್ ದೂರ ಇಳಿಯಬೇಕಾಗುತ್ತದೆ. ಬೇಸಿಗೆಯಲ್ಲಿ ಊರಿನ ಪಂಪುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿಗೆ ನೀರು ಸರಿಯಾಗಿ ಏರುವುದಿಲ್ಲ, ಮೋಟಾರು ಮುಟ್ಟಲಾಗದಷ್ಟು ಬಿಸಿಯಾಗುತ್ತದೆ, ಕೊನೆಗೆ ಕಾಯಿಲ್ ಸುಟ್ಟು ರಿವೈಂಡಿಂಗಿಗೆ ಪೇಟೆಗೆ ಹೋಗುತ್ತದೆ. ಆಗ ‘ವೋಲ್ಟೇಜೇ ಇಲ್ಲ’ ಎಂಬ ಒಂದು ಮಾತಿಗೆ ವಿಷಯ ನಿಂತುಬಿಡುತ್ತದೆ. ಆದರೆ ದೋಷ ಕಂಬದಿಂದಾಚೆಗಿದೆಯೋ, ನಾವೇ ಎಳೆದ ವೈರಿನಲ್ಲಿದೆಯೋ, ಯಾವುದೋ ಒಂದು ಜಾಯಿಂಟಿನಲ್ಲಿದೆಯೋ, ಮೋಟಾರಿನಲ್ಲೇ ಇದೆಯೋ ಎಂಬುದನ್ನು ವೋಲ್ಟೇಜ್ ಮತ್ತು ಪ್ರವಾಹ ಎಂಬ ಎರಡು ಅಳತೆಗಳು ಬೇರ್ಪಡಿಸಿ ತೋರಿಸಬಲ್ಲವು. ಲೆಕ್ಕಕ್ಕೆ ಬೇಕಾದದ್ದು ಗುಣಾಕಾರ ಮತ್ತು ಭಾಗಾಕಾರ ಮಾತ್ರ. ಎಲ್ಲಿ ಅಳೆಯಬೇಕು, ಯಾವ ಲೋಡ್ (ವಿದ್ಯುತ್ ಎಳೆಯುವ ಉಪಕರಣ) ಓಡುತ್ತಿರುವಾಗ ಅಳೆಯಬೇಕು ಎಂಬುದು ತಿಳಿದಿರಬೇಕು, ಅದಕ್ಕಾಗಿ ಇಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಲೆಕ್ಕದ ಆಧಾರ

ವೋಲ್ಟೇಜನ್ನು ವೋಲ್ಟಿನಲ್ಲಿ, ಪ್ರವಾಹವನ್ನು ಆಂಪಿಯರಿನಲ್ಲಿ, ರೋಧವನ್ನು ಓಮಿನಲ್ಲಿ, ವಿದ್ಯುತ್ ಸಾಮರ್ಥ್ಯವನ್ನು ವ್ಯಾಟಿನಲ್ಲಿ ಹೇಳುತ್ತೇವೆ. ಲೋಹದ ತಂತಿಯ ಉಷ್ಣತೆ ಬದಲಾಗದಿದ್ದರೆ ಅದರ ಎರಡು ತುದಿಗಳ ನಡುವಿನ ವೋಲ್ಟೇಜು ಹೆಚ್ಚಾದಷ್ಟೇ ಪ್ರಮಾಣದಲ್ಲಿ ಪ್ರವಾಹವೂ ಹೆಚ್ಚುತ್ತದೆ ಎಂಬುದನ್ನು ಜರ್ಮನಿಯ ಗೇಆರ್ಗ್ ಸೀಮೋನ್ ಓಮ್ 1827ರಲ್ಲಿ ಪ್ರಕಟಿಸಿದ. ತಂತಿಯಲ್ಲಿ ಹುಟ್ಟುವ ಬಿಸಿಯು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬುದನ್ನು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್ 1841ರಲ್ಲಿ ತೋರಿಸಿದ. ನಮ್ಮ ಲೆಕ್ಕಗಳೆಲ್ಲ ಈ ಎರಡರಿಂದಲೇ ಹುಟ್ಟುತ್ತವೆ:

ರೋಧ = ವೋಲ್ಟೇಜ್ ÷ ಪ್ರವಾಹ
ಸಾಮರ್ಥ್ಯ = ವೋಲ್ಟೇಜ್ × ಪ್ರವಾಹ
ಸಾಮರ್ಥ್ಯ = ಪ್ರವಾಹ × ಪ್ರವಾಹ × ರೋಧ
ಸಾಮರ್ಥ್ಯ = ವೋಲ್ಟೇಜ್ × ವೋಲ್ಟೇಜ್ ÷ ರೋಧ

ಕೊನೆಯ ಎರಡು ಸೂತ್ರಗಳು ಮೊದಲೆರಡನ್ನು ಸೇರಿಸಿದಾಗ ಬರುವಂಥವು. ಬಾಯಿಪಾಠ ಮಾಡುವುದಕ್ಕಿಂತ ಯಾವುದನ್ನು ಎಲ್ಲಿ ಬಳಸಬೇಕೆಂದು ತಿಳಿಯುವುದು ಉಪಯುಕ್ತ. ವೈರಿನಲ್ಲಿ, ಜಾಯಿಂಟಿನಲ್ಲಿ ನಷ್ಟವಾಗುವ ವಿದ್ಯುತ್ತಿಗೆ ಪ್ರವಾಹದ ವರ್ಗದ ಸೂತ್ರ ಸರಿಹೊಂದುತ್ತದೆ. ಹೀಟರು ಕಡಿಮೆ ವೋಲ್ಟೇಜಿನಲ್ಲಿ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ವೋಲ್ಟೇಜಿನ ವರ್ಗದ ಸೂತ್ರ ಬೇಕು. ಮೀಟರು ಮಿಲಿಆಂಪಿಯರ್, ಮಿಲಿವೋಲ್ಟ್ ತೋರಿಸಿದರೆ ಮೊದಲು 1000ದಿಂದ ಭಾಗಿಸಿಕೊಂಡೇ ಮುಂದುವರಿಯಬೇಕು. ಉತ್ತರ ಸಾವಿರ ಪಟ್ಟು ತಪ್ಪಿದೆಯೆಂದರೆ ಹೆಚ್ಚಾಗಿ ಈ ಹೆಜ್ಜೆಯೇ ಬಿಟ್ಟುಹೋಗಿರುತ್ತದೆ.

ಮೀಟರು ಹಿಡಿಯುವ ಮೊದಲು

ಒಂದು ಡಿಜಿಟಲ್ ಮಲ್ಟಿಮೀಟರ್ ಮತ್ತು ತಂತಿಯನ್ನು ಬಾಯೊಳಗೆ ಹಿಡಿದು ಪ್ರವಾಹ ಅಳೆಯುವ ಒಂದು ಕ್ಲ್ಯಾಂಪ್ ಮೀಟರ್ ಇದ್ದರೆ ಸಾಕು. ಎರಡೂ ಸೇರಿರುವ ಕ್ಲ್ಯಾಂಪ್ ಮೀಟರಾದರೆ ಒಂದೇ ಸಾಕಾಗುತ್ತದೆ. 230 ವೋಲ್ಟಿನ ಲೈನನ್ನು ಅಳೆಯುವ ಮೀಟರಿನ ಮೇಲೆ, ಅದರ ಕಡ್ಡಿಗಳ ಮೇಲೆ ‘ಕ್ಯಾಟ್ 3, 600 ವೋಲ್ಟ್’ ಎಂಬ ಸುರಕ್ಷತಾ ದರ್ಜೆ ನಮೂದಾಗಿರಬೇಕು. ವಿದ್ಯುತ್ ಪ್ರಯೋಗದ ಆಟಿಕೆಯಂಥ ಅಗ್ಗದ ಮೀಟರನ್ನು ಮೇನ್ ಬೋರ್ಡಿಗೆ ಹಿಡಿಯಬಾರದು.

ಸುರಕ್ಷತೆಯ ಮಾತನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ನಮ್ಮ ಜಿಲ್ಲೆಯ ಮಳೆಗಾಲದಲ್ಲಿ ಗೋಡೆ, ನೆಲ, ಸ್ವಿಚ್ ಬೋರ್ಡಿನ ಮರ ಎಲ್ಲವೂ ತೇವವಾಗಿರುತ್ತದೆ. ಕೈ ಒಣಗಿರಬೇಕು, ಕಾಲಲ್ಲಿ ರಬ್ಬರ್ ಚಪ್ಪಲಿ ಇರಬೇಕು, ಮನೆಯ ಬೋರ್ಡಿನಲ್ಲಿ ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಬೇಕು. ವಿದ್ಯುತ್ ಮೀಟರಿನಿಂದ ಕಂಬದ ಕಡೆಗಿರುವುದೆಲ್ಲ ವಿದ್ಯುತ್ ಸರಬರಾಜು ಕಂಪನಿಯಾದ ಹೆಸ್ಕಾಂನ ಸುಪರ್ದಿಗೆ ಸೇರಿದ್ದು. ಅಲ್ಲಿ ಸೀಲ್ ಮುಟ್ಟುವುದು, ಕಂಬ ಹತ್ತುವುದು ಎರಡೂ ಸಲ್ಲದು. ಬೋರ್ಡಿನ ಮುಚ್ಚಳ ತೆಗೆದು ಅಳೆಯಬೇಕಾದ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದ ಮಾಡಿಸಿ, ಲೆಕ್ಕವನ್ನು ನೀವು ಹಾಕಿಕೊಳ್ಳಬಹುದು. ಅದರಿಂದ ಲೆಕ್ಕಕ್ಕೇನೂ ಕುಂದಿಲ್ಲ.

ಮಲ್ಟಿಮೀಟರಿನ ಒಂದು ಅಪಾಯವನ್ನು ಪ್ರತ್ಯೇಕವಾಗಿ ನೆನಪಿಡಬೇಕು. ಕೆಂಪು ಕಡ್ಡಿಯನ್ನು 10 ಆಂಪಿಯರಿನ ತೂತಿಗೆ ಸಿಕ್ಕಿಸಿಟ್ಟು ಅದೇ ಸ್ಥಿತಿಯಲ್ಲಿ ಸಾಕೆಟ್ಟಿನ ವೋಲ್ಟೇಜ್ ಅಳೆಯಲು ಹೋದರೆ ಅದು ನೇರ ಶಾರ್ಟ್ ಸರ್ಕ್ಯೂಟ್. ಪ್ರವಾಹ ಅಳೆಯುವ ಮೀಟರಿನ ಒಳರೋಧ ಬಹಳ ಕಡಿಮೆ, ವೋಲ್ಟೇಜ್ ಅಳೆಯುವಾಗ ಅದೇ ಮೀಟರಿನ ಒಳರೋಧ ಬಹಳ ಹೆಚ್ಚು. ಆದ್ದರಿಂದಲೇ ಪ್ರವಾಹದ ಮೀಟರನ್ನು ದಾರಿಯ ನಡುವೆ ಸರಣಿಯಲ್ಲಿ, ವೋಲ್ಟೇಜಿನ ಮೀಟರನ್ನು ಎರಡು ತುದಿಗಳಿಗೆ ಸಮಾಂತರವಾಗಿ ಜೋಡಿಸುತ್ತೇವೆ. ಮನೆಯ ಲೈನಿನಲ್ಲಿ ಪ್ರವಾಹಕ್ಕೆ ಕ್ಲ್ಯಾಂಪನ್ನೇ ಬಳಸಿದರೆ ಈ ಅಪಾಯವೇ ಬರುವುದಿಲ್ಲ. ಇನ್ನು ಓಮ್ ಅಳೆಯುವುದು ವಿದ್ಯುತ್ ಸಂಪರ್ಕ ಪೂರ್ತಿ ತಪ್ಪಿಸಿದ ಮೇಲೆ ಮಾತ್ರ.

ಮೊದಲನೆಯ ಹಂತ: ಎರಡು ಅಳತೆ, ಒಂದೇ ಹೊತ್ತಿನಲ್ಲಿ

ಮೀಟರಿನ ಗುಂಡಿಯನ್ನು ಎಸಿ ವೋಲ್ಟೇಜಿನ ಅತಿ ಹೆಚ್ಚಿನ ಶ್ರೇಣಿಗೆ ತಿರುಗಿಸಿ, ಫೇಸ್ ಮತ್ತು ನ್ಯೂಟ್ರಲ್ ನಡುವೆ ಕಡ್ಡಿ ಹಿಡಿಯಿರಿ. 230ರ ಆಸುಪಾಸು ಬರಬೇಕು. ಇದನ್ನು ಲೋಡ್ ಚಾಲೂ ಇದ್ದಾಗಲೇ ಓದಬೇಕು. ಪಂಪು ನಿಂತಿರುವಾಗ ತೋಟದ ತುದಿಯಲ್ಲೂ 225 ವೋಲ್ಟ್ ಕಾಣಿಸುತ್ತದೆ, ಏಕೆಂದರೆ ಪ್ರವಾಹವಿಲ್ಲದ ವೈರಿನಲ್ಲಿ ಇಳಿಕೆಯೂ ಇಲ್ಲ. ‘ಮೀಟರಿಟ್ಟು ನೋಡಿದೆ, ವೋಲ್ಟೇಜ್ ಸರಿಯಾಗಿದೆ, ಪಂಪೇ ಹಾಳು’ ಎಂಬ ತೀರ್ಮಾನಕ್ಕೆ ಬಂದು ಒಳ್ಳೆಯ ಪಂಪನ್ನು ಬಿಚ್ಚುವುದು ಈ ಒಂದು ಕಾರಣದಿಂದಲೇ.

ಪ್ರವಾಹಕ್ಕೆ ಕ್ಲ್ಯಾಂಪಿನ ಬಾಯೊಳಗೆ ಒಂದೇ ತಂತಿ ಇರಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದರೆ ಹೋಗುವ ಪ್ರವಾಹ, ಬರುವ ಪ್ರವಾಹ ಒಂದನ್ನೊಂದು ಅಳಿಸಿ ಮೀಟರು ಸೊನ್ನೆ ತೋರಿಸುತ್ತದೆ. ಕೇಬಲ್ಲಿನ ಹೊರಸಿಪ್ಪೆ ಬಿಡಿಸುವ ಬದಲು, ಎಳೆಗಳು ಬೇರೆಬೇರೆಯಾಗಿ ಕಾಣುವಂತೆ ಮಾಡಿದ ಒಂದು ಅಡಿಯ ಎಕ್ಸ್‌ಟೆನ್ಶನ್ ತುಂಡನ್ನು ಮಾಡಿಸಿಟ್ಟುಕೊಂಡರೆ ಯಾವ ಉಪಕರಣವನ್ನಾದರೂ ಅದರ ಮೂಲಕ ಚಾಲೂ ಮಾಡಿ ಅಳೆಯಬಹುದು. ಪ್ರವಾಹ ತೀರ ಕಡಿಮೆ ಇದ್ದಾಗ ಆ ಒಂದು ಎಳೆಯನ್ನು ಕ್ಲ್ಯಾಂಪಿನೊಳಗೆ ಹತ್ತು ಸುತ್ತು ಹಾಯಿಸಿ, ಬಂದ ಸಂಖ್ಯೆಯನ್ನು ಹತ್ತರಿಂದ ಭಾಗಿಸಿದರೆ ಅಳತೆ ಹೆಚ್ಚು ನಂಬುವಂತಿರುತ್ತದೆ.

ನಮ್ಮ ಲೈನುಗಳಲ್ಲಿ ವೋಲ್ಟೇಜು ನಿಮಿಷಕ್ಕೊಮ್ಮೆ ಏರಿಳಿಯುವುದುಂಟು. ವೋಲ್ಟೇಜನ್ನು ಬೆಳಿಗ್ಗೆ, ಪ್ರವಾಹವನ್ನು ಸಂಜೆ ಅಳೆದು ಭಾಗಿಸಿದರೆ ಬರುವ ಉತ್ತರಕ್ಕೆ ಅರ್ಥವಿಲ್ಲ. ಎರಡನ್ನೂ ಒಟ್ಟಿಗೇ ಓದಿ, ಮೂರ್ನಾಲ್ಕು ಸಲ ಓದಿ, ಸರಾಸರಿ ತೆಗೆಯಿರಿ.

ಎರಡನೆಯ ಹಂತ: ಹೀಟರ್ ರಾಡಿನ ಮೇಲೆ ಪೂರ್ತಿ ಲೆಕ್ಕ

ನೀರು ಕಾಯಿಸುವ ಹೀಟರ್ ರಾಡಿನಿಂದ ಶುರು ಮಾಡುವುದು ಒಳ್ಳೆಯದು. ಅದರೊಳಗಿನ ನೈಕ್ರೋಮ್ ತಂತಿಯ ರೋಧ ಬಿಸಿಯಾದಾಗಲೂ ಹೆಚ್ಚು ಬದಲಾಗದ ಕಾರಣ ಓಮನ ನಿಯಮ ಅಚ್ಚುಕಟ್ಟಾಗಿ ಹೊಂದುತ್ತದೆ. ರಾಡಿನ ಮೇಲೆ ‘230 ವೋಲ್ಟ್, 1500 ವ್ಯಾಟ್’ ಎಂದಿದೆ ಎನ್ನೋಣ. ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಚಾಲೂ ಮಾಡಿ ಅಳೆದಾಗ 212 ವೋಲ್ಟ್, 6.0 ಆಂಪಿಯರ್ ಬಂದಿತು.

ರೋಧ = 212 ÷ 6.0 = 35.3 ಓಮ್
ಸಾಮರ್ಥ್ಯ = 212 × 6.0 = 1272 ವ್ಯಾಟ್

1500 ಎಂದು ಬರೆದಿದ್ದರೂ ಬಂದದ್ದು 1272. ರಾಡು ಕಳಪೆಯೇ? ತೀರ್ಮಾನಕ್ಕೆ ಮೊದಲು ರಾಡಿನ ಮೇಲಿನ ಬರಹದಿಂದಲೇ ರೋಧವನ್ನು ಹಿಂದಕ್ಕೆ ಲೆಕ್ಕ ಹಾಕಿ: 230 × 230 ÷ 1500 = 35.3 ಓಮ್. ಅಳೆದ ರೋಧವೂ ಅದೇ. ಅಂದರೆ ರಾಡು ಹೇಗಿರಬೇಕೋ ಹಾಗೇ ಇದೆ, ಅದಕ್ಕೆ ಸಿಕ್ಕ ವೋಲ್ಟೇಜು ಕಡಿಮೆ. ಉಪಕರಣದ ಮೇಲಿನ ವ್ಯಾಟ್ ಒಂದು ನಿರ್ದಿಷ್ಟ ವೋಲ್ಟೇಜಿಗೆ ಹೇಳಿದ ಮಾತು. ಆ ವೋಲ್ಟೇಜು ಸಿಗದ ಕಡೆ ಆ ವ್ಯಾಟನ್ನು ನಿರೀಕ್ಷಿಸುವುದು ತಪ್ಪು. ರೋಧ ಮಾತ್ರ ಉಪಕರಣದ ಸ್ವಂತದ್ದು. ಆದ್ದರಿಂದ ಎರಡು ಉಪಕರಣಗಳನ್ನು ಹೋಲಿಸುವಾಗ ನಾನು ಮೊದಲು ರೋಧವನ್ನೇ ನೋಡುತ್ತೇನೆ.

ಸಂಜೆ ವೋಲ್ಟೇಜು 180ಕ್ಕೆ ಇಳಿದರೆ ಏನಾಗುತ್ತದೆ? 180 × 180 ÷ 35.3 = 918 ವ್ಯಾಟ್. ವೋಲ್ಟೇಜು 230ಕ್ಕಿಂತ ಶೇಕಡಾ 22ರಷ್ಟು ಇಳಿದರೂ ಬಿಸಿ ಇಳಿಯುವುದು ಶೇಕಡಾ 39ರಷ್ಟು. ಹದಿನೈದು ಲೀಟರ್ ನೀರನ್ನು 25 ಡಿಗ್ರಿ ಏರಿಸಲು ಸುಮಾರು 1570 ಕಿಲೋಜೂಲ್ ಬೇಕು. 1500 ವ್ಯಾಟಿಗೆ ಅದು ಹದಿನೇಳೂವರೆ ನಿಮಿಷದ ಕೆಲಸ, 918 ವ್ಯಾಟಿಗೆ ಇಪ್ಪತ್ತೆಂಟೂವರೆ ನಿಮಿಷದ್ದು. ಬಕೆಟ್ಟಿನಿಂದ ಹೊರಗೆ ಆರಿಹೋಗುವ ಬಿಸಿಯನ್ನು ಬಿಟ್ಟರೆ ಎರಡರಲ್ಲೂ ಖರ್ಚಾಗುವುದು ಸುಮಾರು 0.44 ಯೂನಿಟ್ಟೇ. ಯೂನಿಟ್ ಎಂದರೆ 1000 ವ್ಯಾಟಿನ ಲೋಡ್ ಒಂದು ಗಂಟೆ ಓಡಿದಾಗ ಖರ್ಚಾಗುವ ವಿದ್ಯುತ್ತು, 3600 ಕಿಲೋಜೂಲ್. ವೋಲ್ಟೇಜು ಕಡಿಮೆಯಾದರೆ ಹೀಟರಿನ ಬಿಲ್ಲು ದುಪ್ಪಟ್ಟಾಗುತ್ತದೆಂಬ ಮಾತಿಗೆ ಆಧಾರವಿಲ್ಲ; ಹೆಚ್ಚುವುದು ಕಾಯುವ ಸಮಯ.

ಪ್ಲಗ್ಗನ್ನು ಕಿತ್ತು, ರಾಡು ತಣಿದ ಮೇಲೆ, ಅದರ ಎರಡು ಪಿನ್ನುಗಳ ನಡುವೆ ಮಲ್ಟಿಮೀಟರಿನಿಂದ ಓಮ್ ಅಳೆದು ನೋಡಿ. 35ರ ಹತ್ತಿರ ಬಂದರೆ ಲೆಕ್ಕಕ್ಕೆ ಸಾಕ್ಷಿ ಸಿಕ್ಕಂತಾಯಿತು. ಅದೇ ಸಮಯದಲ್ಲಿ ಒಂದು ಪಿನ್ನು ಮತ್ತು ಅರ್ಥ್ ಪಿನ್ನಿನ ನಡುವೆಯೂ ಅಳೆಯಿರಿ. ಅಲ್ಲಿ ಮೀಟರು ಏನನ್ನೂ ತೋರಿಸಬಾರದು. ಒಂದು ಸಂಖ್ಯೆ ಬಂದಿತೆಂದರೆ ಒಳಗೆ ಸೋರಿಕೆ ಇದೆ, ಆ ರಾಡನ್ನು ಮತ್ತೆ ನೀರಿಗೆ ಇಳಿಸಬೇಡಿ.

ಹಳೆಯ ಟಂಗ್‌ಸ್ಟನ್ ಬಲ್ಬಿಗೆ ಈ ಪರೀಕ್ಷೆ ಹೊಂದುವುದಿಲ್ಲ. 60 ವ್ಯಾಟಿನ ಬಲ್ಬು ಉರಿಯುವಾಗ ಅದರ ರೋಧ 882 ಓಮ್. ಆರಿಸಿ ತಣ್ಣಗಾದ ಮೇಲೆ ಮೀಟರಿಟ್ಟರೆ ಅದರ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ ತೋರಿಸಬಹುದು. ಬಲ್ಬು ಕೆಟ್ಟಿಲ್ಲ, ಟಂಗ್‌ಸ್ಟನ್ ಬಿಸಿಯಾದಂತೆ ರೋಧ ಅಷ್ಟು ಏರುತ್ತದೆ. ಎಲ್‌ಇಡಿ ಬಲ್ಬು, ಟಿವಿ, ಚಾರ್ಜರುಗಳಿಗಂತೂ ರೋಧದ ಲೆಕ್ಕವನ್ನೇ ಹಾಕಬೇಡಿ, ಅವುಗಳೊಳಗಿನ ಎಲೆಕ್ಟ್ರಾನಿಕ್ಸ್ ಓಮನ ನಿಯಮದಂತೆ ನಡೆಯುವಂಥದ್ದಲ್ಲ.

ಮೂರನೆಯ ಹಂತ: ತೋಟದ ವೈರು

ಈಗ ಮುಖ್ಯ ವಿಷಯಕ್ಕೆ ಬರೋಣ. ಮನೆಯ ಬೋರ್ಡಿನಿಂದ ತೋಟದ ಬಾವಿಗೆ 200 ಮೀಟರ್, 2.5 ಸ್ಕ್ವೇರ್ ಎಂಎಂ (ತಂತಿಯ ಅಡ್ಡಕೊಯ್ತದ ವಿಸ್ತೀರ್ಣ) ತಾಮ್ರದ ವೈರು, ತುದಿಯಲ್ಲಿ ಸಿಂಗಲ್ ಫೇಸಿನ ಒಂದೂವರೆ ಎಚ್‌ಪಿ ಪಂಪು ಇದೆ ಎಂದುಕೊಳ್ಳೋಣ. ಪ್ರವಾಹ ಒಂದು ಎಳೆಯಲ್ಲಿ ಹೋಗಿ ಇನ್ನೊಂದರಲ್ಲಿ ಮರಳುವುದರಿಂದ ಲೆಕ್ಕಕ್ಕೆ ಬರುವ ಉದ್ದ 400 ಮೀಟರ್. ಇದನ್ನು ಮರೆತವರ ಉತ್ತರ ಸರಿಯಾಗಿ ಅರ್ಧ ಬರುತ್ತದೆ.

ಒಂದು ಸ್ಕ್ವೇರ್ ಎಂಎಂ ದಪ್ಪದ, ಒಂದು ಮೀಟರ್ ಉದ್ದದ ತಾಮ್ರದ ತಂತಿಗೆ 20 ಡಿಗ್ರಿ ಉಷ್ಣತೆಯಲ್ಲಿ ಸುಮಾರು 0.0172 ಓಮ್ ರೋಧವಿರುತ್ತದೆ. ಉದ್ದದಿಂದ ಗುಣಿಸಿ, ದಪ್ಪದಿಂದ ಭಾಗಿಸಬೇಕು: 0.0172 × 400 ÷ 2.5 = 2.75 ಓಮ್. ತಾಮ್ರದ ರೋಧ ಪ್ರತಿ 10 ಡಿಗ್ರಿಗೆ ಶೇಕಡಾ 4ರಷ್ಟು ಏರುತ್ತದೆ. ಬೇಸಿಗೆಯಲ್ಲಿ ಪ್ರವಾಹ ಹರಿಯುವ ವೈರು 40 ಡಿಗ್ರಿ ಇದ್ದರೆ 2.97 ಓಮ್ ಆಗುತ್ತದೆ. ಅಲ್ಯೂಮಿನಿಯಂ ವೈರಾದರೆ 0.0172ರ ಬದಲು 0.0282 ಇಟ್ಟುಕೊಳ್ಳಿ. ಇದು ಇರಬೇಕಾದ ರೋಧ. ನಿಜವಾಗಿ ಇರುವ ರೋಧವನ್ನು ಅಳೆಯಬೇಕು.

ಇಲ್ಲಿ ಪಂಪನ್ನು ಲೋಡ್ ಆಗಿ ಬಳಸದೆ, ಪಂಪಿನ ಸಂಪರ್ಕ ತಪ್ಪಿಸಿ ಅದೇ ಹೀಟರ್ ರಾಡನ್ನು ಪ್ಲಾಸ್ಟಿಕ್ ಬಕೆಟ್ಟಿನ ನೀರಿನಲ್ಲಿಟ್ಟು ತೋಟದ ತುದಿಗೆ ಜೋಡಿಸುವುದು ಸರಿಯಾದ ಕ್ರಮ. ಅರ್ಥ್ ತಂತಿ ಅಲ್ಲಿಯವರೆಗೂ ಬಂದಿರಬೇಕು, ಚಾಲೂ ಇರುವಾಗ ನೀರಿಗೆ ಕೈ ಹಾಕಬಾರದು. ಇಸ್ತ್ರಿ ಪೆಟ್ಟಿಗೆಯಾದರೂ ಆದೀತು, ಆದರೆ ಅದರ ಥರ್ಮೋಸ್ಟಾಟ್ ಅಳತೆಯ ನಡುವೆ ಆಫ್ ಆಗುವ ತೊಂದರೆ ಇದೆ. ಮನೆಯ ಬೋರ್ಡಿನ ಹತ್ತಿರ ಒಬ್ಬರು, ತೋಟದಲ್ಲಿ ಒಬ್ಬರು ನಿಂತು ಫೋನಿನಲ್ಲಿ ಮಾತಾಡುತ್ತ ಒಂದೇ ಕ್ಷಣದಲ್ಲಿ ಓದಬೇಕು. ಮನೆಯಲ್ಲಿ 222 ವೋಲ್ಟ್, ತೋಟದಲ್ಲಿ 205 ವೋಲ್ಟ್, ಪ್ರವಾಹ 5.8 ಆಂಪಿಯರ್ ಬಂದಿತೆನ್ನಿ.

ವೈರಿನಲ್ಲಿ ಇಳಿದ ವೋಲ್ಟೇಜ್ = 222 − 205 = 17 ವೋಲ್ಟ್
ವೈರಿನ ರೋಧ = 17 ÷ 5.8 = 2.93 ಓಮ್

ಇರಬೇಕಾದ 2.97ಕ್ಕೆ ಇದು ಒಪ್ಪುತ್ತದೆ. ಅಂದರೆ ವೈರಿನಲ್ಲಿ, ಜಾಯಿಂಟಿನಲ್ಲಿ ದೋಷವೇನೂ ಇಲ್ಲ, ವೈರು ಆ ದೂರಕ್ಕೆ ತೆಳುವಾಯಿತು ಅಷ್ಟೆ. ಇದೇ ಜಾಗದಲ್ಲಿ 4.2 ಓಮ್ ಬಂದಿದ್ದರೆ ಹೆಚ್ಚುವರಿ 1.2 ಓಮ್ ಯಾವುದೋ ಒಂದೆರಡು ಜಾಯಿಂಟಿನಲ್ಲಿ ಅಡಗಿದೆ ಎಂದರ್ಥ. ಹೊಸ ವೈರು ತರುವ ಮೊದಲು ಆ ಜಾಯಿಂಟುಗಳನ್ನು ಹುಡುಕುವುದು ಲೇಸು.

ಇದೇ ರಾಡಿನಿಂದ ಕಂಬದ ಕಡೆಯನ್ನೂ ಪರೀಕ್ಷಿಸಬಹುದು. ರಾಡು ಆಫ್ ಇದ್ದಾಗ ಮನೆಯ ಬೋರ್ಡಿನಲ್ಲಿ 228 ವೋಲ್ಟ್ ಇದ್ದು, ಆನ್ ಮಾಡಿದೊಡನೆ 222ಕ್ಕೆ ಇಳಿದರೆ, ಟ್ರಾನ್ಸ್‌ಫಾರ್ಮರಿನಿಂದ ಮನೆಯವರೆಗಿನ ದಾರಿಯ ರೋಧ 6 ÷ 5.8, ಅಂದರೆ ಹೆಚ್ಚುಕಡಿಮೆ 1 ಓಮ್. ಊರಿನ ಇತರ ಲೋಡುಗಳಿಂದಲೂ ಈ ಸಂಖ್ಯೆ ಅಲುಗುವುದರಿಂದ ಆನ್ ಆಫ್ ಮಾಡಿ ಐದಾರು ಸಲ ನೋಡಬೇಕು. ಪ್ರತಿ ಸಲವೂ ಇಳಿಕೆ ದೊಡ್ಡದಾಗಿಯೇ ಬಂದರೆ ಆ ಸಂಖ್ಯೆಗಳನ್ನು ಬರೆದುಕೊಂಡು ಹೆಸ್ಕಾಂನ ಶಾಖಾ ಕಚೇರಿಗೆ ಕೊಡಿ, ಅಥವಾ 1912ಕ್ಕೆ ಕರೆ ಮಾಡಿ ಹೇಳಿ. ‘ವೋಲ್ಟೇಜ್ ಇಲ್ಲ’ ಎಂಬ ದೂರಿಗಿಂತ ‘5.8 ಆಂಪಿಯರ್ ಎಳೆದರೆ ಮೀಟರಿನ ಹತ್ತಿರವೇ ಇಷ್ಟು ಇಳಿಯುತ್ತದೆ’ ಎಂಬ ದೂರು ಲೈನ್‌ಮನ್ನರಿಗೂ ಕೆಲಸಕ್ಕೆ ಬರುತ್ತದೆ.

ನಾಲ್ಕನೆಯ ಹಂತ: ಪಂಪು ಓಡುವಾಗ

ರಾಡು ತೆಗೆದು ಪಂಪನ್ನು ಮತ್ತೆ ಜೋಡಿಸಿ ಚಾಲೂ ಮಾಡಿದಾಗ ಮನೆಯಲ್ಲಿ 222 ವೋಲ್ಟ್, 9.5 ಆಂಪಿಯರ್, ಪಂಪಿನ ಸ್ಟಾರ್ಟರಿನ ಹತ್ತಿರ 197 ವೋಲ್ಟ್. 197ನ್ನು 9.5ರಿಂದ ಭಾಗಿಸಿ ‘ಮೋಟಾರಿನ ರೋಧ 21 ಓಮ್’ ಎಂದು ಬರೆದುಕೊಳ್ಳಬಾರದು. ಓಡುತ್ತಿರುವ ಮೋಟಾರಿನಲ್ಲಿ ಪ್ರವಾಹವನ್ನು ತಡೆಯುವುದು ಸುರುಳಿಯ ತಂತಿಯ ರೋಧವೊಂದೇ ಅಲ್ಲ. ಸುರುಳಿಯ ಕಾಂತೀಯ ಗುಣವೂ, ತಿರುಗುವ ಭಾಗದಿಂದ ಹುಟ್ಟುವ ಎದುರು ವೋಲ್ಟೇಜೂ ಅದರಲ್ಲಿ ಸೇರಿವೆ. ಮೋಟಾರು ಇನ್ನೂ ತಿರುಗಲು ಶುರುವಾಗದ ಮೊದಲ ಕ್ಷಣದಲ್ಲಿ ಪ್ರವಾಹ ಐದಾರು ಪಟ್ಟು ಜಿಗಿಯುವುದು ಆ ಎದುರು ವೋಲ್ಟೇಜು ಆಗ ಇಲ್ಲದಿರುವುದರಿಂದ. ಸುರುಳಿಯ ರೋಧ ಬೇಕಾದರೆ ಸಂಪರ್ಕ ತಪ್ಪಿಸಿ ಮಲ್ಟಿಮೀಟರಿನಿಂದ ಅಳೆಯಬೇಕು.

ವ್ಯಾಟ್ ಲೆಕ್ಕದಲ್ಲೂ ಹಾಗೆಯೇ. 222 × 9.5 = 2109. ಇದು ವೋಲ್ಟ್-ಆಂಪಿಯರ್, ವ್ಯಾಟ್ ಅಲ್ಲ. ಮೋಟಾರಿನಲ್ಲಿ ಪ್ರವಾಹ ವೋಲ್ಟೇಜಿಗಿಂತ ಸ್ವಲ್ಪ ಹಿಂದೆ ಬೀಳುವುದರಿಂದ ಪವರ್ ಫ್ಯಾಕ್ಟರಿನಿಂದ (ವೋಲ್ಟ್-ಆಂಪಿಯರಿನಲ್ಲಿ ನಿಜವಾದ ವ್ಯಾಟಿನ ಪಾಲು) ಗುಣಿಸಬೇಕು. ಪವರ್ ಫ್ಯಾಕ್ಟರನ್ನು ಊಹಿಸುವ ಬದಲು ಮನೆಯ ವಿದ್ಯುತ್ ಮೀಟರಿನಿಂದಲೇ ತಿಳಿಯಬಹುದು. ಅದರ ಮುಖದ ಮೇಲೆ ‘ಒಂದು ಯೂನಿಟ್ಟಿಗೆ 3200 ಮಿನುಗು’ ಎಂಬರ್ಥದ ಬರಹ ಇರುತ್ತದೆ. ಕೆಲವು ಮೀಟರುಗಳಲ್ಲಿ ಸಂಖ್ಯೆ ಬೇರೆ ಇರುವುದರಿಂದ ನಿಮ್ಮದನ್ನು ಓದಿಕೊಳ್ಳಿ. ಮನೆಯ ಉಳಿದೆಲ್ಲ ಲೋಡ್ ಆಫ್ ಮಾಡಿ, ಕೆಂಪು ದೀಪ ಹತ್ತು ಸಲ ಮಿನುಗಲು ಎಷ್ಟು ಸೆಕೆಂಡ್ ಬೇಕೆಂದು ನೋಡಿ. 3200ರ ಮೀಟರಿಗೆ:

ವ್ಯಾಟ್ = 11250 ÷ ಹತ್ತು ಮಿನುಗಿನ ಸೆಕೆಂಡುಗಳು

ಆರು ಸೆಕೆಂಡ್ ಹಿಡಿದರೆ 11250 ÷ 6 = 1875 ವ್ಯಾಟ್. ಪವರ್ ಫ್ಯಾಕ್ಟರ್ 1875 ÷ 2109 = 0.89. ಮನೆಯಲ್ಲಿ ಯಾವ ಹೊಸ ಉಪಕರಣವೂ ಇಲ್ಲದೆ ನಿಜವಾದ ವ್ಯಾಟ್ ಕೊಡುವ ಈ ವಿಧಾನ ನನಗೆ ತುಂಬ ಇಷ್ಟವಾದದ್ದು. ದೀಪದ ಮಿನುಗನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಎಣಿಸಿದರೆ ಸಮಯ ಇನ್ನಷ್ಟು ನಿಖರವಾಗಿ ಸಿಗುತ್ತದೆ.

ಈಗ ವೈರಿನ ನಷ್ಟ, ರೋಧವನ್ನು 2.93 ಮತ್ತು 2.97ರ ನಡುವಿನ 2.95 ಎಂದಿಟ್ಟುಕೊಂಡು: 9.5 × 9.5 × 2.95 = 266 ವ್ಯಾಟ್. ಪಂಪಿಗೆ ತಲುಪುವುದು 1875ರಲ್ಲಿ 266 ಕಳೆದು 1609 ವ್ಯಾಟ್. ಏಳನೆಯ ಒಂದು ಭಾಗ ಗುಡ್ಡದ ಇಳಿಜಾರಿನುದ್ದಕ್ಕೂ ವೈರನ್ನು ಬೆಚ್ಚಗೆ ಮಾಡುವುದರಲ್ಲೇ ಹೋಯಿತು. ಒಂದು ಸಂಗತಿ ಗಮನಿಸಿ: 9.5 × 2.95 ಎಂದರೆ 28 ವೋಲ್ಟ್ ಇಳಿಯಬೇಕು, ಆದರೆ ಎರಡು ಮೀಟರುಗಳ ನಡುವಿನ ವ್ಯತ್ಯಾಸ 25 ಮಾತ್ರ. ಮೋಟಾರಿನಲ್ಲಿ ಪ್ರವಾಹ ಮತ್ತು ವೋಲ್ಟೇಜು ಒಂದೇ ಕ್ಷಣದಲ್ಲಿ ತುದಿ ಮುಟ್ಟದ ಕಾರಣ ಬರಿಯ ಕಳೆಯುವ ಲೆಕ್ಕ ಇಲ್ಲಿ ಪೂರ್ತಿ ಸರಿಯಾಗುವುದಿಲ್ಲ. ವೈರಿನ ರೋಧವನ್ನು ಪಂಪಿನಿಂದ ಅಳೆಯದೆ ಹೀಟರಿನಿಂದ ಅಳೆಯಬೇಕೆಂದು ಹೇಳಿದ್ದು ಇದಕ್ಕಾಗಿಯೇ. ಪ್ರವಾಹದ ವರ್ಗದ ಸೂತ್ರ ಮಾತ್ರ ಎರಡೂ ಸಂದರ್ಭದಲ್ಲಿ ಸರಿಯೇ.

ಅದೇ ದೂರಕ್ಕೆ 6 ಸ್ಕ್ವೇರ್ ಎಂಎಂ ತಾಮ್ರ ಹಾಕಿದರೆ ರೋಧ ಸುಮಾರು 1.2 ಓಮಿಗೆ ಇಳಿಯುತ್ತದೆ, ನಷ್ಟ 108 ವ್ಯಾಟಿಗೆ. ದಿನಕ್ಕೆ ಐದು ಗಂಟೆ ಓಡುವ ಪಂಪಿಗೆ 1.33 ಯೂನಿಟ್ ನಷ್ಟವಿದ್ದದ್ದು 0.54 ಆಗುತ್ತದೆ. ಈ ಉಳಿತಾಯವೊಂದನ್ನೇ ನೋಡಿದರೆ ವೈರಿನ ಬೆಲೆ ಬೇಗ ಹುಟ್ಟುವುದಿಲ್ಲ. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಇರುವವರಿಗೆ ಬಿಲ್ಲಿನ ಪ್ರಶ್ನೆಯೇ ಬರುವುದಿಲ್ಲ. ಮೋಟಾರಿನ ಆಯಸ್ಸು ಬೇರೆ ವಿಷಯ. ಪಂಪಿಗೆ ನೀರೆತ್ತಲು ಬೇಕಾದ ವ್ಯಾಟ್ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ವೋಲ್ಟೇಜು ಇಳಿದಾಗ ಮೋಟಾರು ಹೆಚ್ಚು ಪ್ರವಾಹ ಎಳೆಯುತ್ತದೆ. ಪ್ರವಾಹ ಶೇಕಡಾ 20 ಏರಿದರೆ ಸುರುಳಿಯ ಬಿಸಿ 1.2 × 1.2 = 1.44, ಅಂದರೆ ಶೇಕಡಾ 44 ಏರುತ್ತದೆ. ಕಾಯಿಲ್ ಸುಡುವುದು ಈ ವರ್ಗದ ಲೆಕ್ಕದಿಂದ. ವೈರು ದಪ್ಪ ಮಾಡುವ ಬದಲು ತೋಟದ ತುದಿಯಲ್ಲಿ ಸ್ಟೆಬಿಲೈಸರ್ ಇಟ್ಟರೆ ಅದು ಪಂಪಿಗೆ ವೋಲ್ಟೇಜು ಏರಿಸಿ ಕೊಡಲು ವೈರಿನಿಂದ ಇನ್ನೂ ಹೆಚ್ಚು ಪ್ರವಾಹ ಎಳೆಯುತ್ತದೆ, ವೈರಿನ ನಷ್ಟ ಇನ್ನಷ್ಟು ಹೆಚ್ಚುತ್ತದೆ. ದೋಷ ವೈರಿನದ್ದಾದರೆ ಪರಿಹಾರವೂ ವೈರಿನಲ್ಲೇ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರು ಫೇಸಿನ ಪಂಪಾದರೆ ಎರಡು ಫೇಸುಗಳ ನಡುವಿನ ವೋಲ್ಟೇಜು, ಒಂದು ಫೇಸಿನ ಪ್ರವಾಹ, ಪವರ್ ಫ್ಯಾಕ್ಟರ್ ಮೂರನ್ನೂ ಗುಣಿಸಿ ಮತ್ತೆ 1.732ರಿಂದ ಗುಣಿಸಬೇಕು. 415 ವೋಲ್ಟಿನಲ್ಲಿ ಎಚ್‌ಪಿಗೆ ಒಂದೂವರೆ ಆಂಪಿಯರ್ ಎಂಬ ಕೈಲೆಕ್ಕ 5 ಎಚ್‌ಪಿ ಮೋಟಾರಿಗೆ ಚೆನ್ನಾಗಿ ಹೊಂದುತ್ತದೆ. ಮೂರೂ ಫೇಸಿನ ಪ್ರವಾಹವನ್ನು ಒಂದೊಂದಾಗಿ ಅಳೆಯಿರಿ. ಒಂದು ಮಾತ್ರ ತೀರ ಬೇರೆ ಬಂದರೆ ಪಂಪು ನಿಲ್ಲಿಸಿ ಕಾರಣ ಹುಡುಕಬೇಕು.

ದೋಣಿಯ ಬ್ಯಾಟರಿ: ಕಡಿಮೆ ವೋಲ್ಟೇಜಿನ ಕಷ್ಟ

ಕಾರವಾರದ ಬೈತಖೋಲ ಬಂದರಿನಲ್ಲಿ, ತದಡಿಯಲ್ಲಿ ನಿಲ್ಲುವ ಮೀನುಗಾರಿಕೆ ದೋಣಿಗಳ ದೀಪ, ಜಿಪಿಎಸ್, ವಯರ್‌ಲೆಸ್ ಮುಂತಾದವು ಬ್ಯಾಟರಿಯ ಡಿಸಿ ವಿದ್ಯುತ್ತಿನಲ್ಲಿ ಓಡುತ್ತವೆ. ಡಿಸಿಯಲ್ಲಿ ಪವರ್ ಫ್ಯಾಕ್ಟರಿನ ತೊಡಕಿಲ್ಲ, ವೋಲ್ಟೇಜ್ ಗುಣಿಸು ಪ್ರವಾಹವೇ ವ್ಯಾಟ್. ಆದರೆ ವೋಲ್ಟೇಜು 12 ಮಾತ್ರ ಇರುವುದರಿಂದ ವೈರಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು.

60 ವ್ಯಾಟಿನ ಒಂದು ಹ್ಯಾಲೊಜೆನ್ ದೀಪ 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ, ಅದರ ರೋಧ 2.4 ಓಮ್. ಬ್ಯಾಟರಿಯಿಂದ ದೀಪಕ್ಕೆ ಹತ್ತು ಮೀಟರ್ ದೂರ, ಮನೆಗೆ ಬಳಸುವ ಅದೇ 1.5 ಸ್ಕ್ವೇರ್ ಎಂಎಂ ವೈರು ಎಂದರೆ ಹೋಗಿಬರುವ 20 ಮೀಟರಿನ ರೋಧ 0.0172 × 20 ÷ 1.5 = 0.23 ಓಮ್. ಒಟ್ಟು 2.63 ಓಮ್. ಪ್ರವಾಹ 12 ÷ 2.63 = 4.56 ಆಂಪಿಯರ್. ದೀಪಕ್ಕೆ ಸಿಗುವುದು 4.56 × 4.56 × 2.4, ಸುಮಾರು 50 ವ್ಯಾಟ್. ಆರನೆಯ ಒಂದು ಭಾಗ ಹೋಯಿತು. ಇದೇ ವೈರು ಮನೆಯಲ್ಲಿ 60 ವ್ಯಾಟಿನ ಬಲ್ಬಿಗೆ ಕಾಲು ಆಂಪಿಯರ್ ಒಯ್ಯುವಾಗ ನಷ್ಟ ಲೆಕ್ಕಕ್ಕೇ ಬರುವುದಿಲ್ಲ.

ಈ ಲೆಕ್ಕವನ್ನು ತಿರುಗಿಸಿ ನೋಡಿದರೆ ನಮ್ಮ ಜಿಲ್ಲೆಯ ಕಾಡಿನ ಮೇಲೆ ಹಾದುಹೋಗುವ ದೊಡ್ಡ ಲೈನುಗಳ ಕಾರಣ ತಿಳಿಯುತ್ತದೆ. ಕೈಗಾ ಅಣುವಿದ್ಯುತ್ ಸ್ಥಾವರದ ಒಂದೊಂದು ಘಟಕದ ಸಾಮರ್ಥ್ಯ 220 ಮೆಗಾವ್ಯಾಟ್. ಅದನ್ನು 230 ವೋಲ್ಟಿನಲ್ಲಿ ಕಳಿಸುವುದಾದರೆ ಒಂಬತ್ತೂವರೆ ಲಕ್ಷ ಆಂಪಿಯರ್ ಬೇಕಾಗುತ್ತಿತ್ತು. ಮೂರು ಫೇಸಿನ 400 ಕಿಲೋವೋಲ್ಟಿಗೆ ಏರಿಸಿದರೆ 220000000 ÷ (1.732 × 400000), ಸುಮಾರು 318 ಆಂಪಿಯರ್ ಸಾಕು. ನಷ್ಟ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವಾಗ ಈ ಎರಡು ಸಂಖ್ಯೆಗಳ ಅಂತರವೇ ಎಲ್ಲವನ್ನೂ ಹೇಳುತ್ತದೆ.

ಉಪ್ಪುಗಾಳಿಯ ಜಾಯಿಂಟುಗಳು

ಕರಾವಳಿಯ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಗಳಲ್ಲಿ ವೈರಿಗಿಂತ ಜಾಯಿಂಟುಗಳೇ ಹೆಚ್ಚು ಕಾಡುತ್ತವೆ. ಉಪ್ಪಿನ ತೇವ ಕೂತ ತಾಮ್ರ ಹಸಿರುಗಟ್ಟುತ್ತದೆ, ಹಿತ್ತಾಳೆ ಸ್ಕ್ರೂ ಸಡಿಲವಾಗುತ್ತದೆ, ಅಲ್ಯೂಮಿನಿಯಂ ಮತ್ತು ತಾಮ್ರವನ್ನು ನೇರವಾಗಿ ತಿರುಚಿ ಕಟ್ಟಿದ ಕಡೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಆ ಎರಡು ಲೋಹಗಳನ್ನು ಸೇರಿಸಲೇಬೇಕಾದರೆ ಒಂದು ಕಡೆ ಅಲ್ಯೂಮಿನಿಯಂ, ಇನ್ನೊಂದು ಕಡೆ ತಾಮ್ರ ಇರುವ ಬೈಮೆಟಲ್ ಲಗ್ ಬಳಸಬೇಕು.

ಹೀಟರಿನ 16 ಆಂಪಿಯರಿನ ಸಾಕೆಟ್ಟಿನಲ್ಲಿ ಒಂದು ಪಿನ್ನು ಸಡಿಲವಾಗಿ ಅಲ್ಲಿ 0.2 ಓಮ್ ರೋಧ ಹುಟ್ಟಿದೆ, 10 ಆಂಪಿಯರ್ ಹರಿಯುತ್ತಿದೆ ಎಂದುಕೊಳ್ಳಿ. ಇಳಿಯುವ ವೋಲ್ಟೇಜು ಕೇವಲ 2. ದೀಪ ಮಂಕಾಗುವುದಿಲ್ಲ, ಹೀಟರು ನಿಧಾನವಾದದ್ದು ಗೊತ್ತಾಗುವುದಿಲ್ಲ, ಮಿತಿ ಮೀರಿದ ಪ್ರವಾಹವನ್ನು ಕಡಿಯುವ ಎಂಸಿಬಿಯೂ ಬೀಳುವುದಿಲ್ಲ. ಆದರೆ ಆ ಜಾಗದಲ್ಲಿ ಹುಟ್ಟುವ ಬಿಸಿ 10 × 10 × 0.2 = 20 ವ್ಯಾಟ್. ಕಿರುಬೆರಳಿನ ಉಗುರಿನಷ್ಟು ಜಾಗದಲ್ಲಿ 20 ವ್ಯಾಟ್ ಎಂದರೆ ಬೆಸುಗೆ ಹಾಕುವ ಸಣ್ಣ ಐರನ್ನಿನ ಬಿಸಿ. ಸಾಕೆಟ್ಟಿನ ಬಿಳಿ ಪ್ಲಾಸ್ಟಿಕ್ ಪಿನ್ನಿನ ಸುತ್ತ ಮೊದಲು ಹಳದಿ, ಆಮೇಲೆ ಕಂದು ಆಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಬಿಸಿಯಿಂದ ಒಳಗಿನ ಹಿತ್ತಾಳೆ ಪಟ್ಟಿಯ ಸ್ಪ್ರಿಂಗಿನ ಗುಣ ಕುಗ್ಗಿ ರೋಧ 0.5 ಓಮಿಗೆ ಏರಿದರೆ ಬಿಸಿ 50 ವ್ಯಾಟ್. ಪ್ಲಗ್ ಟಾಪನ್ನು ಮಾತ್ರ ಬದಲಿಸಿ ಅದೇ ಸಾಕೆಟ್ಟಿಗೆ ಮತ್ತೆ ಸಿಕ್ಕಿಸುವುದರಿಂದ ಹೊಸ ಪಿನ್ನೂ ಸುಡುತ್ತದೆ. ಎರಡನ್ನೂ ಒಟ್ಟಿಗೇ ಬದಲಿಸಬೇಕು.

ಇಂಥ ರೋಧವನ್ನು ಮಲ್ಟಿಮೀಟರಿನ ಓಮ್ ಶ್ರೇಣಿಯಿಂದ ಹುಡುಕಲು ಹೋಗಬೇಡಿ. ಮೀಟರಿನ ಕಡ್ಡಿಗಳ ವೈರಿಗೇ 0.2 ಓಮಿನಷ್ಟು ರೋಧವಿರುತ್ತದೆ. ಲೋಡ್ ಹರಿಯುತ್ತಿರುವಾಗ ಜಾಯಿಂಟಿನ ಈ ಬದಿಗೂ ಆ ಬದಿಗೂ ನಡುವೆ ವೋಲ್ಟೇಜ್ ಅಳೆದು ಪ್ರವಾಹದಿಂದ ಭಾಗಿಸುವುದೇ ಸರಿಯಾದ ದಾರಿ. ದೋಣಿಯ 12 ವೋಲ್ಟಿನಲ್ಲಿ ಇದನ್ನು ಯಾರೂ ಮಾಡಬಹುದು: ದೀಪ ಉರಿಯುತ್ತಿರುವಾಗ ಬ್ಯಾಟರಿಯ ಸೀಸದ ಕಂಬಕ್ಕೆ ಒಂದು ಕಡ್ಡಿ, ಅದನ್ನು ಹಿಡಿದ ಕ್ಲಿಪ್ಪಿನ ವೈರಿಗೆ ಇನ್ನೊಂದು ಕಡ್ಡಿ. ಐದು ಆಂಪಿಯರ್ ಹರಿಯುವಾಗ 10 ಮಿಲಿವೋಲ್ಟ್ ಬಂದರೆ ರೋಧ 0.002 ಓಮ್, ಚಿಂತೆಯಿಲ್ಲ. 600 ಮಿಲಿವೋಲ್ಟ್ ಬಂದರೆ 0.12 ಓಮ್. ಎಂಜಿನ್ ಸ್ಟಾರ್ಟ್ ಮಾಡಲು 100 ಆಂಪಿಯರ್ ಬೇಕಾದಾಗ 0.12 ಓಮಿನ ಕ್ಲಿಪ್ಪು ಹನ್ನೆರಡು ವೋಲ್ಟನ್ನೂ ತಾನೇ ನುಂಗುವ ಲೆಕ್ಕವಾಗುತ್ತದೆ, ಸ್ಟಾರ್ಟರ್ ‘ಟಕ್’ ಎಂದು ಸುಮ್ಮನಾಗುತ್ತದೆ. ಬ್ಯಾಟರಿ ಸತ್ತಿದೆಯೆಂದು ಹೊಸದು ತರುವ ಮೊದಲು ಈ ಒಂದು ಅಳತೆ ಮಾಡಲೇಬೇಕು. ಮನೆಯ 230 ವೋಲ್ಟಿನಲ್ಲಿ ಇದೇ ಪರೀಕ್ಷೆಯನ್ನು ಎಲೆಕ್ಟ್ರಿಷಿಯನ್ನರಿಗೆ ಬಿಡಿ.

ಲೆಕ್ಕ ಬರೆದಿಡುವಾಗ ಉತ್ತರವನ್ನು ಕ್ಯಾಲ್ಕುಲೇಟರಿನ ಎಂಟು ಅಂಕಿಗಳವರೆಗೆ ಎಳೆಯುವುದು ಬೇಡ. ಎರಡು ಮೀಟರುಗಳೂ ಶೇಕಡಾ ಒಂದೆರಡರಷ್ಟು ಆಚೀಚೆ ತೋರಿಸಬಹುದಾದ್ದರಿಂದ ಮೂರು ಅಂಕಿ ಸಾಕು; 35.3 ಓಮ್ ಮತ್ತು 35.8 ಓಮ್ ನಡುವೆ ವ್ಯತ್ಯಾಸ ಹುಡುಕಬಾರದು. ಇನ್ವರ್ಟರಿನಲ್ಲಿ ಓಡುವಾಗ ಅಳೆಯುವುದಾದರೆ ‘ಟ್ರೂ ಆರ್‌ಎಂಎಸ್’ ಎಂದು ಬರೆದ ಮೀಟರೇ ಬೇಕು, ಏಕೆಂದರೆ ಅಗ್ಗದ ಇನ್ವರ್ಟರುಗಳ ಚೌಕಾಕಾರದ ಅಲೆಯನ್ನು ಸಾಧಾರಣ ಮೀಟರು ತಪ್ಪಾಗಿ ಓದುತ್ತದೆ. ತೋಟದ ವೈರಿನ ರೋಧವನ್ನು ದಿನಾಂಕ, ಲೋಡ್, ಎರಡೂ ತುದಿಯ ವೋಲ್ಟೇಜ್, ಪ್ರವಾಹದ ಸಮೇತ ಬೋರ್ಡಿನ ಬಾಗಿಲ ಒಳಬದಿಗೆ ಬರೆದಂಟಿಸಿ, ಮಳೆಗಾಲ ಕಳೆದು ಪಂಪು ಮೊದಲ ಸಲ ಚಾಲೂ ಮಾಡುವ ಮುನ್ನ ಅದೇ ರಾಡಿನಿಂದ ಮತ್ತೊಮ್ಮೆ ಅಳೆಯಿರಿ. ಹಿಂದಿನ ವರ್ಷದ 2.93 ಈ ವರ್ಷ 3.6 ಆಗಿದ್ದರೆ, ಮರದ ಕೊಂಬೆ ಬಿದ್ದ ಕಡೆ, ಇಲಿ ಕಡಿದ ಕಡೆ, ಟೇಪು ಸುತ್ತಿದ ಜಾಯಿಂಟಿನೊಳಗೆ ನೀರು ಇಳಿದ ಕಡೆ ಮೊದಲು ನೋಡಬೇಕು.